ಬ್ಲೇಜಾರ್: ಬ್ಲ್ಯಾಕ್‌ಹೋಲ್‌ನ ಜೆಟ್ ನಮ್ಮ ಕಡೆಗೇ ಮುಖ ಮಾಡಿದ್ದರೆ?

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪಿಯುಸಿಗೆ ಫಿಸಿಕ್ಸ್ ಪಾಠ ಮಾಡುವವನು. ಕ್ಲಾಸಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ತೋರಿಸಿದ. ಭೂಮಿಗೆ ಗುರಿಯಿಟ್ಟ ಬ್ಲ್ಯಾಕ್‌ಹೋಲ್ ಅಂತೆ. ಬೆಳಕಿಗಿಂತ ಏಳು ಪಟ್ಟು ವೇಗದಲ್ಲಿ ಏನನ್ನೋ ಉಗುಳುತ್ತಿದೆಯಂತೆ. ಅದರ ಗಾಮಾ ಕಿರಣ ನಮ್ಮನ್ನು ಸುಡುತ್ತದಂತೆ. ಶುದ್ಧ ಸುಳ್ಳು ಅಂತ ಹೇಳಿ ಮುಗಿಸೋಣ ಎಂದುಕೊಂಡೆ. ಆದರೆ ಹುಡುಕಿ ನೋಡಿದರೆ ಎಂ87 ಗ್ಯಾಲಕ್ಸಿಯ ಜೆಟ್‌ನಲ್ಲಿ ಹಬಲ್ ದೂರದರ್ಶಕವೇ ಬೆಳಕಿನ ಆರು ಪಟ್ಟು ವೇಗ ಅಳೆದಿದೆ ಅಂತ ಇದೆ! ಐನ್‌ಸ್ಟೈನ್ ಪಾಠ ಮಾಡಿದ ಮಾರನೇ ದಿನವೇ ಇದನ್ನು ಹೇಗೆ ವಿವರಿಸಲಿ? ಗೊತ್ತಿರುವವರು ದಯವಿಟ್ಟು ತಿಳಿಸಿ. ಲೆಕ್ಕ ಇದ್ದರೂ ಪರವಾಗಿಲ್ಲ, ಬೋರ್ಡಿನ ಮೇಲೆ ಮಾಡಿ ತೋರಿಸುತ್ತೇನೆ.

ರಾತ್ರಿಪಾಳಿ

ಸರ್, ನನ್ನ ಪಿಎಚ್‌ಡಿ ಇದರ ಮೇಲೇ ನಡೆಯುತ್ತಿದೆ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಗುರಿಯಿಡುವ ಮಾತು. ದೊಡ್ಡ ಗ್ಯಾಲಕ್ಸಿಗಳ ನಡುವೆ ಕೋಟಿಗಟ್ಟಲೆ ಸೂರ್ಯರ ತೂಕದ ಬ್ಲ್ಯಾಕ್‌ಹೋಲ್ ಇರುತ್ತದೆ. ಸುತ್ತಲಿನ ಅನಿಲ ತಿರುಗುತ್ತಾ ಒಳಗೆ ಬೀಳುವಾಗ ಕೆಲವು ಕಡೆ, ಎಲ್ಲ ಕಡೆ ಅಲ್ಲ, ಎರಡೂ ಧ್ರುವಗಳಿಂದ ಎರಡು ಜೆಟ್, ಅಂದರೆ ಭಾರೀ ವೇಗದ ಕಣಗಳ ಕಾರಂಜಿ, ಹೊರಡುತ್ತವೆ. ಇವು ಬ್ಲ್ಯಾಕ್‌ಹೋಲ್‌ನ ಒಳಗಿನಿಂದ ಬಂದದ್ದಲ್ಲ. ಒಳಗೆ ಹೋದದ್ದು ಹೋದಂತೆಯೇ. ಹೊರಗಿನ ಕಾಂತಕ್ಷೇತ್ರ ಬ್ಲ್ಯಾಕ್‌ಹೋಲ್ ಜೊತೆ ತಿರುಚಿಕೊಂಡು, ಅದರ ತಿರುಗುವ ಶಕ್ತಿಯನ್ನೇ ಎಳೆದು ಹೊರಗೆ ತಳ್ಳಬಹುದು ಅಂತ 1977ರಲ್ಲಿ ರೋಜರ್ ಬ್ಲಾಂಡ್‌ಫರ್ಡ್ ಮತ್ತು ರೋಮನ್ ಜ್ನಾಯೆಕ್ ತೋರಿಸಿದರು. ಇವತ್ತಿಗೂ ನಾವು ಹೆಚ್ಚಾಗಿ ನೆಚ್ಚಿಕೊಂಡಿರುವುದು ಆ ಲೆಕ್ಕವನ್ನೇ.

ಜೆಟ್ ಹೊರಡುವ ದಿಕ್ಕಿಗೂ ಭೂಮಿಗೂ ಸಂಬಂಧವೇ ಇಲ್ಲ. ಯಾವ ಕಡೆಗಾದರೂ ತಿರುಗಿರಬಹುದು. ಅಕಸ್ಮಾತ್ ನಮ್ಮ ಕಡೆ ತಿರುಗಿದ್ದರೆ ಅದಕ್ಕೆ ಬ್ಲೇಜಾರ್ ಅನ್ನುತ್ತೇವೆ. ಇಷ್ಟು ವೇಗದ ವಸ್ತು ತನ್ನ ಬೆಳಕನ್ನು ಮುಂದಿನ ಕಿರಿದಾದ ಕೋನದಲ್ಲೇ ಬಿಡುತ್ತದೆ. ವೇಗ ಬೆಳಕಿನ ವೇಗಕ್ಕೆ ಎಷ್ಟು ಹತ್ತಿರ ಅಂತ ಹೇಳುವ ಲೊರೆಂಟ್ಜ್ ಅಂಶ 10 ಇದ್ದರೆ ಆ ಕೋನ 6 ಡಿಗ್ರಿಗಿಂತ ಕಡಿಮೆ. ಲೆಕ್ಕ ಹಾಕಿದರೆ ನಮಗೆ ಕಾಣುವ ಒಂದೊಂದು ಬ್ಲೇಜಾರ್‌ಗೆ ಬೇರೆ ಕಡೆ ಮುಖ ಮಾಡಿರುವ ಸುಮಾರು ಇನ್ನೂರು ಅಣ್ಣತಮ್ಮಂದಿರು ಇರಬೇಕು. ಅವರೆಲ್ಲ ನಮಗೆ ಸಾಮಾನ್ಯ ರೇಡಿಯೋ ಗ್ಯಾಲಕ್ಸಿಗಳು, ಅಷ್ಟೇ.

ಇನ್ನೊಂದು ಮಾತು. ನೇರ ನಮ್ಮ ಕಡೆ ಬರುತ್ತಿದ್ದರೆ ಡಾಪ್ಲರ್ ಅಂಶ, ಅಂದರೆ ಅಲ್ಲಿ ನಡೆಯುವುದು ನಮಗೆ ಎಷ್ಟು ಪಟ್ಟು ಬೇಗ ನಡೆದಂತೆ ಕಾಣುತ್ತದೆ ಅನ್ನುವ ಸಂಖ್ಯೆ, ಸುಮಾರು 20. ಬೆಳಗುವಿಕೆ ಅದರ ನಾಲ್ಕನೇ ಘಾತದಷ್ಟು ಹೆಚ್ಚುತ್ತದೆ, ಅಂದರೆ ಒಂದೂವರೆ ಲಕ್ಷ ಪಟ್ಟಿಗೂ ಮೇಲೆ. ಆಚೆ ಕಡೆಗೆ ಹೋಗುವ ಅವಳಿ ಜೆಟ್ ಅಷ್ಟೇ ಪಟ್ಟು ಮಂಕಾಗಿ ಕಾಣದೇ ಹೋಗುತ್ತದೆ.

ಕಾಫಿತೋಟ

ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಎದುರಿನ ಬಸ್ಸು ತಿರುವಿನಲ್ಲಿ ಬರುವಾಗ ಹೆಡ್‌ಲೈಟ್ ಒಂದು ಕ್ಷಣ ನೇರ ಕಣ್ಣಿಗೆ ಹೊಡೆಯುತ್ತಲ್ಲ, ಹಾಗೆ ಅಲ್ವಾ ಮೇಡಂ? ಬಸ್ಸು ಅದೇ, ಲೈಟೂ ಅದೇ.

ರಾತ್ರಿಪಾಳಿ

ಹ್ಞೂಂ, ದಿಕ್ಕಿನ ಮಟ್ಟಿಗೆ ಸರಿ. ಬಸ್ಸು ತಿರುಗುತ್ತದೆ, ಜೆಟ್ ಸಾಮಾನ್ಯವಾಗಿ ತಿರುಗುವುದಿಲ್ಲ. ಸಾಮಾನ್ಯವಾಗಿ ಅಂದೆ, ಯಾಕಂದರೆ ಪಿಬಿಸಿ ಜೆ2333.9-2343 ಅನ್ನುವ ಗ್ಯಾಲಕ್ಸಿ ಒಂದಿದೆ. ಅದರ ಹಳೇ ರೇಡಿಯೋ ಹಾಲೆಗಳು, ಅಂದರೆ ಹಿಂದಿನ ಜೆಟ್ ಉಬ್ಬಿಸಿದ ಮೋಡಗಳು, ಪಕ್ಕಕ್ಕೆ ಚಾಚಿವೆ, ಈಗಿನ ಜೆಟ್ ಮಾತ್ರ ನಮ್ಮ ಕಡೆಗಿದೆ. ಹಿಂದೆ ರೇಡಿಯೋ ಗ್ಯಾಲಕ್ಸಿ ಆಗಿದ್ದದ್ದು ಈಗ ಬ್ಲೇಜಾರ್. ಏನು ತಿರುಗಿಸಿತು ಅನ್ನುವುದಕ್ಕೆ ಇನ್ನೊಂದು ಗ್ಯಾಲಕ್ಸಿ ಬಂದು ಸೇರಿಕೊಂಡಿರಬಹುದು ಅನ್ನುವ ಊಹೆ ಇದೆ.

ಸರ್, ಈಗ ನಿಮ್ಮ ಏಳು ಪಟ್ಟು ವೇಗ. ಬೋರ್ಡಿಗೆ ಹೇಳಿ ಮಾಡಿಸಿದ ಲೆಕ್ಕ ಇದು.

ಜೆಟ್‌ನಲ್ಲಿ ಒಂದು ಹೊಳೆಯುವ ಗಂಟು ಇದೆ. ಬೆಳಕಿನ ಶೇ. 99 ವೇಗ. ನಾವು ನೋಡುವ ಗೆರೆಗೆ 8 ಡಿಗ್ರಿ ಓರೆ. 100 ವರ್ಷ ಓಡಿತು ಅನ್ನಿ. ಒಟ್ಟು 99 ಜ್ಯೋತಿರ್ವರ್ಷ ದೂರ. ಅದರಲ್ಲಿ ನಮ್ಮ ಕಡೆಗೆ ಬಂದದ್ದು ಸುಮಾರು 98, ಪಕ್ಕಕ್ಕೆ ಸರಿದದ್ದು ಸುಮಾರು 13.8. ಓಟದ ಮೊದಲಲ್ಲಿ ಒಂದು ಬೆಳಕು ಬಿಟ್ಟಿತು, ಕೊನೆಯಲ್ಲಿ ಇನ್ನೊಂದು. ಎರಡರ ನಡುವೆ ಅಲ್ಲಿ 100 ವರ್ಷ. ಆದರೆ ಎರಡನೇ ಬೆಳಕು ನಮಗೆ 98 ಜ್ಯೋತಿರ್ವರ್ಷ ಹತ್ತಿರದಿಂದ ಹೊರಟಿದೆ, ಅಷ್ಟು ದಾರಿ ಉಳಿಯಿತು. ಹಾಗಾಗಿ ನಮ್ಮ ಟೆಲಿಸ್ಕೋಪಿಗೆ ಅದು ಮೊದಲನೆಯದು ಬಂದ ಎರಡೇ ವರ್ಷಕ್ಕೆ ಬಂದು ಮುಟ್ಟುತ್ತದೆ. ನಾವು ನೋಡಿದ್ದು ಏನು? ಎರಡು ವರ್ಷದಲ್ಲಿ ಗಂಟು 13.8 ಜ್ಯೋತಿರ್ವರ್ಷ ಪಕ್ಕಕ್ಕೆ ಸರಿಯಿತು. ಏಳು ಪಟ್ಟು!

ಯಾವುದೂ ಬೆಳಕನ್ನು ಮೀರಿಲ್ಲ. ಗಂಟು ತನ್ನ ಬೆಳಕಿನ ಬೆನ್ನು ಹತ್ತಿಯೇ ಓಡಿ ಬಂತು. 1966ರಲ್ಲಿ ಮಾರ್ಟಿನ್ ರೀಸ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಹೀಗೆ ಕಾಣಬಹುದು ಅಂತ ಬರೆದಿದ್ದರು. ಐದು ವರ್ಷದ ನಂತರ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ನೋಡಿದಾಗ ಹಾಗೇ ಕಂಡಿತು. ಓರೆ ಕೋನವನ್ನು 90 ಡಿಗ್ರಿ ಮಾಡಿ ನೋಡಲು ಹುಡುಗರಿಗೆ ಹೇಳಿ ಸರ್, ಜಾದೂ ಪೂರ್ತಿ ಮಾಯ ಆಗುತ್ತದೆ.

ಹಾಸನದ ಮೇಷ್ಟ್ರು

ಅಬ್ಬಾ! ಕಾಗದ ಪೆನ್ನು ಹಿಡಿದು ಮಾಡಿ ನೋಡಿದೆ, ಕೊಸೈನು ಸೈನು ಬಿಟ್ಟರೆ ಬೇರೇನೂ ಬೇಡ. ನಾಳೆಯೇ ಮಾಡಿಸುತ್ತೇನೆ. ಸುಡುವ ವಿಷಯ?

ಕೋಡುಬಳೆ

ಅದನ್ನು ನಾನು ಹೇಳುತ್ತೇನೆ ಸರ್. ನಾನು ವಿಜ್ಞಾನಿ ಅಲ್ಲ, ಸಾಫ್ಟ್‌ವೇರ್‌ನವನು. ಶನಿವಾರ ಭಾನುವಾರ ಗಾಮಾ ಕಿರಣ ಹಿಡಿಯುವ ಫರ್ಮಿ ಉಪಗ್ರಹದ ಡೇಟಾ ಇಳಿಸಿಕೊಂಡು ಆಡುವುದು ನನ್ನ ಹುಚ್ಚು. ಎಲ್ಲವೂ ಬಿಟ್ಟಿ, ಯಾರು ಬೇಕಾದರೂ ತಗೋಬಹುದು.

ಟೆರಾ ಎಲೆಕ್ಟ್ರಾನ್‌ವೋಲ್ಟ್ ಮಟ್ಟದ, ಅಂದರೆ ತೀರಾ ಹೆಚ್ಚು ಶಕ್ತಿಯ, ಗಾಮಾ ಕಿರಣಕ್ಕೆ ಸಿಡಿದ ನಕ್ಷತ್ರವೊಂದರ ಅವಶೇಷವಾದ ಕ್ರ್ಯಾಬ್ ನೆಬ್ಯುಲಾವೇ ಅಳತೆಗೋಲು. ಅಲ್ಲಿಂದ ಒಂದು ಚದರ ಮೀಟರಿಗೆ ವರ್ಷಕ್ಕೆ ಬರುವುದು ಆರೇಳು ಫೋಟಾನ್. ವರ್ಷಕ್ಕೆ! ಬ್ಲೇಜಾರ್‌ಗಳು ಮಾಮೂಲಿ ದಿನಗಳಲ್ಲಿ ಇದಕ್ಕಿಂತ ಕಡಿಮೆಯೇ. ಅದೂ ನೆಲಕ್ಕೆ ಮುಟ್ಟುವುದಿಲ್ಲ, ವಾತಾವರಣದ ಮೇಲ್ಭಾಗದಲ್ಲೇ ಒಡೆದುಹೋಗುತ್ತದೆ. ಸುಡುವುದಂತೂ ದೂರದ ಮಾತು, ಒಂದನ್ನು ಹಿಡಿಯುವುದಕ್ಕೇ ಇವರು ಒದ್ದಾಡುತ್ತಿದ್ದಾರೆ.

ಫರ್ಮಿ 2008ರ ಜೂನ್ 11ರಂದು ಹಾರಿದ್ದು. ಸುಮಾರು ಮೂರು ಗಂಟೆಗೊಮ್ಮೆ ಇಡೀ ಆಕಾಶ ನೋಡಿ ಮುಗಿಸುತ್ತದೆ. ಅದರ ಪಟ್ಟಿಯಲ್ಲಿ 5000ಕ್ಕೂ ಹೆಚ್ಚು ಮೂಲಗಳಿವೆ, ಅರ್ಧಕ್ಕಿಂತ ಜಾಸ್ತಿ ಬ್ಲೇಜಾರ್‌ಗಳೇ. ಕೆಲವು ತಿಂಗಳುಗಟ್ಟಲೆ ಸುಮ್ನೆ ಬಿದ್ದಿರುತ್ತವೆ, ಆಮೇಲೆ ಒಂದು ವಾರದಲ್ಲಿ ಹತ್ತು ಪಟ್ಟು ಏರುತ್ತವೆ. ಗ್ರಾಫ್ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗಲ್ಲ. ನನ್ನ ಹೆಂಡತಿಗೆ ಅದು ಷೇರು ಮಾರ್ಕೆಟ್ಟಿನ ಗ್ರಾಫ್ ಅಂತಲೇ ಗುಮಾನಿ.

ರಾತ್ರಿಪಾಳಿ

ವಾರ ಬಿಡಿ, ನಿಮಿಷಗಳ ಕಥೆಯೂ ಇದೆ. 2006ರ ಜುಲೈ ಕೊನೆಯಲ್ಲಿ ಪಿಕೆಎಸ್ 2155-304 ಅನ್ನುವ ಬ್ಲೇಜಾರ್ ಹುಚ್ಚೆದ್ದಿತು. ನಮೀಬಿಯಾದ ಹೆಸ್ ದೂರದರ್ಶಕಗಳು ನೋಡುತ್ತಿದ್ದವು. ಸುಮಾರು 200 ಸೆಕೆಂಡಿನಲ್ಲಿ ಅದರ ಗಾಮಾ ಬೆಳಕು ಏರಿಳಿಯಿತು.

ಮೇಷ್ಟ್ರೇ, ಇದೂ ಬೋರ್ಡಿಗೆ ಆಗುತ್ತೆ. ಸೂರ್ಯನ ತೂಕದ ಬ್ಲ್ಯಾಕ್‌ಹೋಲ್ ಆದರೆ ತ್ರಿಜ್ಯ 3 ಕಿಲೋಮೀಟರ್. 100 ಕೋಟಿ ಸೂರ್ಯರ ತೂಕ ಇದ್ದರೆ 300 ಕೋಟಿ ಕಿಲೋಮೀಟರ್. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುವ ಬೆಳಕಿಗೆ ಅಷ್ಟು ದೂರ ದಾಟಲು 10,000 ಸೆಕೆಂಡ್ ಬೇಕು. ಒಂದು ವಸ್ತು ತನ್ನ ಈ ಕಡೆಯಿಂದ ಆ ಕಡೆಗೆ ಬೆಳಕು ಹೋಗುವ ಹೊತ್ತಿಗಿಂತ ಬೇಗ ಒಟ್ಟಾಗಿ ಮಿನುಗಲಾರದು. ಹಾಗಿದ್ದರೆ 200 ಸೆಕೆಂಡ್ ಎಲ್ಲಿಂದ ಬಂತು? ಒಂದೋ ಜೆಟ್‌ನೊಳಗೆ ಬ್ಲ್ಯಾಕ್‌ಹೋಲ್‌ಗಿಂತ ಚಿಕ್ಕ ತುಣುಕೊಂದು ಹೊಳೆಯುತ್ತಿದೆ, ಇಲ್ಲವೇ ಅದರ ಡಾಪ್ಲರ್ ಅಂಶ 20 ಅಲ್ಲ, 50ಕ್ಕೂ ಮೇಲೆ. ಜೆಟ್‌ನೊಳಗೆ ಇನ್ನೂ ವೇಗದ ಚಿಕ್ಕ ಜೆಟ್‌ಗಳು, ಕಾಂತರೇಖೆಗಳು ತುಂಡಾಗಿ ಮತ್ತೆ ಕೂಡಿಕೊಳ್ಳುವುದು, ಹೀಗೆ ಥಿಯರಿಯವರು ಏನೇನೋ ಹೇಳುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಈ ಜಗಳ ಶುರು ಮಾಡಿದರೆ ನಮ್ಮಲ್ಲಿ ಯಾರ ತಟ್ಟೆಯೂ ಖಾಲಿಯಾಗುವುದಿಲ್ಲ.

ಅನುಮಾನಪ್ಪ

ಎಲ್ಲ ಓದಿದೆ. ನನ್ನದೊಂದು ತಕರಾರು. ಗಾಮಾ ಕಿರಣವನ್ನು ಮಾಡುತ್ತಿರುವುದು ಏನು ಅಂತಲೇ ನಿಮಗೆ ಖಚಿತವಾಗಿ ಗೊತ್ತಿಲ್ಲ ಅಲ್ವಾ? ಎಲೆಕ್ಟ್ರಾನ್ ಅಂತ ಒಂದು ಗುಂಪು, ಪ್ರೋಟಾನ್ ಅಂತ ಇನ್ನೊಂದು ಗುಂಪು. ಮೂವತ್ತು ವರ್ಷದಿಂದ ಇದೇ. ಮಧ್ಯೆ 2018ರಲ್ಲಿ ಪೇಪರಿನವರು ಯಾವುದಕ್ಕೂ ತಾಗದೆ ತೂರಿಹೋಗುವ ನ್ಯೂಟ್ರಿನೋ ಕಣ ಸಿಕ್ಕಿತು, ಬಾಹ್ಯಾಕಾಶದಿಂದ ಬಂದು ಬೀಳುವ ಕಾಸ್ಮಿಕ್ ಕಿರಣಗಳ ತವರು ಸಿಕ್ಕಿತು ಅಂತ ಕುಣಿದಾಡಿದರು. ಒಂದೇ ಒಂದು ನ್ಯೂಟ್ರಿನೋ! ಒಂದು ಕಣ ನೋಡಿ ತೀರ್ಪು ಕೊಡುವುದು ಯಾವ ಸೀಮೆ ವಿಜ್ಞಾನ?

ರಾತ್ರಿಪಾಳಿ

ತಕರಾರು ನ್ಯಾಯವಾದದ್ದೇ. ಆದರೆ ಆ ಕಥೆ ಪೂರ್ತಿ ಗೊತ್ತಾದ ಮೇಲೆ ತೀರ್ಪು ಕೊಡಿ.

ಬ್ಲೇಜಾರ್‌ನ ಬೆಳಕನ್ನು ರೇಡಿಯೋದಿಂದ ಗಾಮಾವರೆಗೆ ಒಂದೇ ಗ್ರಾಫ್‌ನಲ್ಲಿ ಹಾಕಿದರೆ ಎರಡು ಗುಡ್ಡ ಕಾಣುತ್ತವೆ. ಮೊದಲ ಗುಡ್ಡದಲ್ಲಿ ಜಗಳ ಇಲ್ಲ. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ಸಿಂಕ್ರೊಟ್ರಾನ್ ಬೆಳಕು. ಎರಡನೆಯದು, ಗಾಮಾ ಗುಡ್ಡ, ಎರಡು ರೀತಿ ಆಗಬಹುದು. ಅದೇ ಎಲೆಕ್ಟ್ರಾನ್‌ಗಳು ಬೆಳಕಿನ ಕಣಗಳಿಗೆ ಗುದ್ದಿ ಅವುಗಳ ಶಕ್ತಿ ಏರಿಸಬಹುದು. ಇಲ್ಲವೇ ಪ್ರೋಟಾನ್‌ಗಳು ಬೆಳಕಿಗೆ ಡಿಕ್ಕಿಯಾಗಿ ಪಯಾನ್ ಎಂಬ ಅಲ್ಪಾಯುಷಿ ಕಣ ಹುಟ್ಟಿ, ಅದರಿಂದ ಗಾಮಾ ಬರಬಹುದು. ಎರಡನೇ ದಾರಿಯಲ್ಲಿ ಮಾತ್ರ ನ್ಯೂಟ್ರಿನೋ ಹುಟ್ಟುತ್ತದೆ. ಗಾಮಾ ಗ್ರಾಫ್ ಎಷ್ಟು ಚೆನ್ನಾಗಿ ಅಳೆದರೂ ಎರಡೂ ಮಾದರಿ ಅದಕ್ಕೆ ಹೊಂದಿಕೊಂಡುಬಿಡುತ್ತವೆ. ಮೂವತ್ತು ವರ್ಷ ಜಗಳ ಮುಗಿಯದ್ದು ಇದಕ್ಕೇ. ಬರೀ ಗಾಮಾ ನೋಡಿದರೆ ಇನ್ನೂ ಮೂವತ್ತು ವರ್ಷ ಮುಗಿಯುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ಆ ಒಂದು ಕಣ. ದಕ್ಷಿಣ ಧ್ರುವದ ಹಿಮದೊಳಗೆ ಒಂದು ಘನ ಕಿಲೋಮೀಟರ್ ಜಾಗದಲ್ಲಿ 5160 ಬೆಳಕು ಹಿಡಿಯುವ ಗೋಳಗಳನ್ನು ಇಳಿಬಿಟ್ಟಿದ್ದಾರೆ. ಅದೇ ಐಸ್‌ಕ್ಯೂಬ್. 2017ರ ಸೆಪ್ಟೆಂಬರ್ 22, ನಮ್ಮ ಗಡಿಯಾರದಲ್ಲಿ 23ರ ನಸುಕಿನ 2 ಗಂಟೆ 24 ನಿಮಿಷ. ಒಂದು ಕಣ ಹಾದುಹೋಯಿತು. ಅದರ ಶಕ್ತಿ ಸುಮಾರು 290 ಟೆರಾ ಎಲೆಕ್ಟ್ರಾನ್‌ವೋಲ್ಟ್ ಎಂದು ಅಂದಾಜು. ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ ಪ್ರೋಟಾನ್‌ಗಿಂತ 40 ಪಟ್ಟಿಗೂ ಜಾಸ್ತಿ. ಒಂದು ನಿಮಿಷದೊಳಗೆ ಜಗತ್ತಿನ ಎಲ್ಲ ದೂರದರ್ಶಕಗಳಿಗೆ ಸಂದೇಶ ಹೋಯಿತು. ಕಣ ಬಂದ ದಿಕ್ಕಿನಲ್ಲಿ, ಒರಾಯನ್‌ನ ಭುಜದ ಹತ್ತಿರ, ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್ ಆಗಲೇ ಉರಿಯುತ್ತಿತ್ತು ಅಂತ ಫರ್ಮಿಯವರು ಕೆಲವೇ ದಿನದಲ್ಲಿ ಹೇಳಿದರು. ಆಮೇಲೆ ಕ್ಯಾನರಿ ದ್ವೀಪದ ಮ್ಯಾಜಿಕ್ ದೂರದರ್ಶಕಕ್ಕೂ ಅದು ಕಂಡಿತು. ಇದು ಬರೀ ಕಾಕತಾಳೀಯ ಆಗಿರುವ ಸಾಧ್ಯತೆ ಸಾವಿರಕ್ಕೆ ಒಂದೆರಡು.

ಅನುಮಾನಪ್ಪನವರೇ, ಇಷ್ಟೇ ಆಗಿದ್ದರೆ ನಾನೂ ನಿಮ್ಮ ಪಕ್ಷ. ಆದರೆ ಅವರು ಹಳೇ ದಾಖಲೆ ಕೆದಕಿದರು. 2014ರ ಕೊನೆಯಿಂದ 2015ರ ಮೊದಲ ತಿಂಗಳುಗಳವರೆಗೆ ಅದೇ ಜಾಗದಿಂದ ಹಿನ್ನೆಲೆಗಿಂತ ಹದಿಮೂರರಷ್ಟು ನ್ಯೂಟ್ರಿನೋ ಹೆಚ್ಚು ಬಂದಿದ್ದವು.

ಕೋಡುಬಳೆ

ಆದರೆ ಆಗ ಗಾಮಾದಲ್ಲಿ ಉರಿಯುತ್ತಿರಲಿಲ್ಲ ಅಲ್ವಾ ಮೇಡಂ? ನಾನು ಆ ಗ್ರಾಫ್ ನೋಡಿದ್ದೇನೆ, ತಣ್ಣಗೆ ಮಲಗಿದೆ.

ರಾತ್ರಿಪಾಳಿ

ಅದೇ ತಲೆನೋವು! ನ್ಯೂಟ್ರಿನೋ ಜಾಸ್ತಿ ಬಂದಾಗ ಗಾಮಾ ಸುಮ್ಮನಿತ್ತು. ಗಾಮಾ ಜೋರಾಗಿದ್ದಾಗ ಬಂದದ್ದು ಒಂದೇ ಒಂದು. ಎರಡನ್ನೂ ಒಂದೇ ಮಾದರಿಯಲ್ಲಿ ಕೂರಿಸಲು ಹೋದವರೆಲ್ಲ ಬೆವರಿದ್ದಾರೆ. ನ್ಯೂಟ್ರಿನೋ ಹುಟ್ಟಬೇಕಾದರೆ ಪ್ರೋಟಾನ್‌ಗೆ ಗುದ್ದಲು ಬೆಳಕು ದಟ್ಟವಾಗಿರಬೇಕು. ಅಷ್ಟು ದಟ್ಟವಾಗಿದ್ದರೆ ಅದೇ ಬೆಳಕು ಗಾಮಾವನ್ನು ಹೊರಗೆ ಬಿಡದೆ ನುಂಗಿಬಿಡುತ್ತದೆ. ಹಾಗಾಗಿ ಗಾಮಾದಲ್ಲಿ ಮಂಕಾಗಿರುವ ಕಡೆಯೇ ನ್ಯೂಟ್ರಿನೋ ಹುಡುಕಬೇಕೇನೋ ಅಂತ ಈಗ ಅನ್ನಿಸುತ್ತಿದೆ. 2022ರಲ್ಲಿ ಐಸ್‌ಕ್ಯೂಬ್ ಸುಮಾರು 79 ನ್ಯೂಟ್ರಿನೋಗಳನ್ನು ಗುರುತಿಸಿದ್ದು ಎನ್‌ಜಿಸಿ 1068 ಎಂಬ ಗ್ಯಾಲಕ್ಸಿಯಿಂದ. ಅದು ಬ್ಲೇಜಾರ್ ಅಲ್ಲವೇ ಅಲ್ಲ. ಅದರ ನಡುಭಾಗ ದೂಳಿನಲ್ಲಿ ಮುಚ್ಚಿಹೋಗಿದೆ, ಗಾಮಾ ತೀರಾ ಕಡಿಮೆ.

ನನ್ನ ಸ್ವಂತ ಅನಿಸಿಕೆ: ಟಿಎಕ್ಸ್‌ಎಸ್‌ನಲ್ಲಿ ಪ್ರೋಟಾನ್ ಇದೆ ಅಂತ ನಂಬುತ್ತೇನೆ. ಎಲ್ಲ ಬ್ಲೇಜಾರ್‌ಗಳ ಗಾಮಾವನ್ನೂ ಪ್ರೋಟಾನ್ ಮಾಡುತ್ತಿದೆ ಅಂದರೆ ನಂಬುವುದಿಲ್ಲ.

ಅನುಮಾನಪ್ಪ

ನಂಬುವುದು ಬಿಡುವುದು ದೇವಸ್ಥಾನದಲ್ಲಿ. ಪುರಾವೆ?

ರಾತ್ರಿಪಾಳಿ

ಕೊಡ್ತೀನಿ ಇರಿ. ಈಗ ಎಕ್ಸ್-ಕಿರಣದ ಧ್ರುವೀಕರಣ, ಅಂದರೆ ಅದರ ಅಲೆಗಳು ಎಷ್ಟರ ಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ ಅನ್ನುವುದನ್ನು, ಅಳೆಯುವ ಐಎಕ್ಸ್‌ಪಿಇ ಉಪಗ್ರಹ ಇದೆ. 2023ರ ನವೆಂಬರ್‌ನಲ್ಲಿ ಅದು ಬಿಎಲ್ ಲಸೆರ್ಟೆ ಎಂಬ ಬ್ಲೇಜಾರನ್ನು ನೋಡಿತು. ಅದೇ ಹೊತ್ತಿಗೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಧ್ರುವೀಕರಣ ಶೇ. 47.5ಕ್ಕೆ ಮುಟ್ಟಿತು, ಬ್ಲೇಜಾರ್‌ಗಳಲ್ಲಿ ಅಷ್ಟು ಕಂಡದ್ದೇ ಇಲ್ಲ. ಎಕ್ಸ್-ಕಿರಣದಲ್ಲಿ ನೋಡಿದರೆ ಇದ್ದರೂ ಶೇ. 7.6ಕ್ಕಿಂತ ಕಡಿಮೆ. ಆ ಎಕ್ಸ್-ಕಿರಣ ಎರಡನೇ ಗುಡ್ಡದ ಬುಡದಲ್ಲಿದೆ. ಪ್ರೋಟಾನ್‌ಗಳೇ ಅದನ್ನು ಮಾಡುತ್ತಿದ್ದರೆ ಧ್ರುವೀಕರಣ ಜೋರಾಗಿ ಇರಬೇಕಿತ್ತು. ಎಲೆಕ್ಟ್ರಾನ್ ಗುದ್ದಿದ ಬೆಳಕಿನಲ್ಲಿ ಅದು ಕಲಸಿಹೋಗುತ್ತದೆ. ಹಾಗಾಗಿ ಅಲ್ಲಿ, ಕನಿಷ್ಠ ಆ ವಾರ, ಎಲೆಕ್ಟ್ರಾನ್ ಗೆದ್ದಿತು.

ಮಾರ್ಕೇರಿಯನ್ 501 ಎಂಬ ಬ್ಲೇಜಾರ್‌ನಲ್ಲಿ 2022ರಲ್ಲೇ ಇನ್ನೊಂದು ಸುಳಿವು ಸಿಕ್ಕಿತ್ತು. ಅಲ್ಲಿನ ಎಕ್ಸ್-ಕಿರಣ ಮೊದಲ ಗುಡ್ಡದ್ದು. ಎಕ್ಸ್-ಕಿರಣದ ಧ್ರುವೀಕರಣ ಸುಮಾರು ಶೇ. 10, ಕಾಣುವ ಬೆಳಕಿನಲ್ಲಿ ಅದರ ಅರ್ಧ. ಅಂದರೆ ಕಣಗಳಿಗೆ ವೇಗ ಸಿಗುವುದು ಆಘಾತದ ಅಲೆಯ ಹತ್ತಿರ, ಕಾಂತಕ್ಷೇತ್ರ ಶಿಸ್ತಾಗಿರುವ ಜಾಗದಲ್ಲಿ. ಅಲ್ಲಿಂದ ದೂರ ಹೋದಂತೆ ಕ್ಷೇತ್ರ ಗೋಜಲಾಗುತ್ತದೆ.

ಅನುಮಾನಪ್ಪ

ಸರಿ, ಇದು ಒಪ್ಪುವ ಮಾತು. ಪೇಪರಿನವರು ಇದನ್ನು ಯಾಕೆ ಬರೆಯಲ್ಲ?

ಕಾಫಿತೋಟ

ಧ್ರುವೀಕರಣ ಅಂತ ಹೆಡ್ಡಿಂಗ್ ಹಾಕಿದರೆ ಎಲೆಕ್ಷನ್ ಸುದ್ದಿ ಅಂದುಕೊಳ್ಳುತ್ತಾರೆ ಸ್ವಾಮಿ.

ಮೇಡಂ, ನಿಮ್ಮ ಹೆಸರು ರಾತ್ರಿಪಾಳಿ ಅಂತ ಇದೆಯಲ್ಲ, ನೀವು ನೋಡುವುದು ಎಲ್ಲಿಂದ? ಲಡಾಖಿಗೆ ಹೋಗುತ್ತೀರಾ?

ರಾತ್ರಿಪಾಳಿ

ಜಾಸ್ತಿ ಸಲ ಹೋಗುವುದು ಹೊಸಕೋಟೆಗೆ! ಲಡಾಖಿನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಅಲ್ಲಿನ ಕ್ಯಾಂಪಸ್ಸಿನಿಂದಲೇ ಸ್ಯಾಟಲೈಟ್ ಲಿಂಕ್‌ನಲ್ಲಿ ನಡೆಸುತ್ತಾರೆ. ಅಕ್ಟೋಬರ್‌ನಲ್ಲಿ ಕಿಟಕಿಯಾಚೆ ಹೊಸಕೋಟೆಯ ಮಳೆ ಬಡಿಯುತ್ತಿರುತ್ತದೆ, ಪರದೆ ಮೇಲೆ ಹಾನ್ಲೆಯ ನಿಚ್ಚಳ ಆಕಾಶ. ಬ್ಲೇಜಾರ್ ಅಂದರೆ ಅಲ್ಲಿ ಒಂದು ಚುಕ್ಕಿ, ಅಷ್ಟೇ. ಜೆಟ್ ಗಿಟ್ ಏನೂ ಕಾಣುವುದಿಲ್ಲ. ಅದೇ ಫ್ರೇಮಿನಲ್ಲಿರುವ ಬದಲಾಗದ ನಕ್ಷತ್ರಗಳ ಜೊತೆ ಹೋಲಿಸಿ, ನಿನ್ನೆಗಿಂತ ಎಷ್ಟು ಏರಿದೆ ಇಳಿದಿದೆ ಅಂತ ಅಳೆಯುವುದು. ನಸುಕಿನ ನಾಲ್ಕು ಗಂಟೆಗೆ ಮೋಡ ಬಂದರೆ ಕುರ್ಚಿಯಲ್ಲೇ ನಿದ್ದೆ.

ಗಾಮಾಗೆ ಹಾನ್ಲೆಯಲ್ಲೇ ಬೇರೆ ದೂರದರ್ಶಕಗಳಿವೆ. ಹಗರ್ ಎಂಬ ಏಳು ದೂರದರ್ಶಕಗಳ ಗುಂಪು 2010ರ ಫೆಬ್ರುವರಿಯಲ್ಲಿ ಮಾರ್ಕೇರಿಯನ್ 421 ಎಂಬ ಬ್ಲೇಜಾರ್‌ನ ದೊಡ್ಡ ಉರಿಯನ್ನು ಹಿಡಿದಿತ್ತು. ಈಗ ಭಾಭಾ ಅಣು ಸಂಶೋಧನಾ ಕೇಂದ್ರದ ಮೇಸ್ ಬಂದಿದೆ. 21 ಮೀಟರ್ ಅಗಲದ ತಟ್ಟೆ, ಏಷ್ಯಾದಲ್ಲೇ ದೊಡ್ಡದು, 2024ರ ಅಕ್ಟೋಬರ್ 4ರಂದು ಉದ್ಘಾಟನೆ ಆಯಿತು. ಕೋಡುಬಳೆಯವರು ಹೇಳಿದಂತೆ ಗಾಮಾ ಮೇಲೆಯೇ ಒಡೆಯುತ್ತದೆ. ಒಡೆದಾಗ ಹುಟ್ಟುವ ಕಣಗಳ ಮಳೆ ಗಾಳಿಯಲ್ಲಿ ನೀಲಿ ಚೆರೆಂಕೋವ್ ಬೆಳಕು ಬಿಡುತ್ತದೆ. ಬರೀ ಕೆಲವು ನ್ಯಾನೋಸೆಕೆಂಡ್. ಅದು ನೆಲದ ಮೇಲೆ ನೂರು ಮೀಟರಿಗೂ ಹೆಚ್ಚು ತ್ರಿಜ್ಯದಲ್ಲಿ ಹರಡುವುದರಿಂದ ಒಂದೇ ತಟ್ಟೆಗೂ ಹತ್ತಾರು ಸಾವಿರ ಚದರ ಮೀಟರಿನ ಬಲೆ ಸಿಕ್ಕಂತೆ. ವರ್ಷಕ್ಕೆ ಆರೇಳು ಇದ್ದದ್ದು ಗಂಟೆಗೆ ಹಲವು ಆಗುತ್ತದೆ. ಬಾಹ್ಯಾಕಾಶದಿಂದ ಬೀಳುವ ಪ್ರೋಟಾನ್‌ಗಳೂ ಇದೇ ರೀತಿ ಮಿಂಚುತ್ತವೆ, ಸಾವಿರ ಪಟ್ಟು ಜಾಸ್ತಿ. ಕ್ಯಾಮೆರಾದ 1088 ಪಿಕ್ಸೆಲ್‌ಗಳ ಮೇಲೆ ಬೀಳುವ ಆಕಾರ ನೋಡಿ ಬೇರೆ ಮಾಡಬೇಕು. ಗಾಮಾ ಆದರೆ ತೆಳುವಾದ, ಉದ್ದನೆಯ ಮೊಟ್ಟೆಯಾಕಾರ. ಪ್ರೋಟಾನ್ ಆದರೆ ಚೆಲ್ಲಾಪಿಲ್ಲಿ.

ಹಾಸನದ ಮೇಷ್ಟ್ರು

ಕೊನೆಯದಾಗಿ ಒಂದು. ಇದರಿಂದ ಬ್ಲೇಜಾರ್ ಬಿಟ್ಟು ಬೇರೇನಾದರೂ ತಿಳಿಯುತ್ತದೆಯೇ?

ಕೋಡುಬಳೆ

ನನಗೆ ತುಂಬಾ ಇಷ್ಟವಾದದ್ದು ಇದು ಸರ್. ಗಾಮಾ ಫೋಟಾನ್ ದಾರಿಯಲ್ಲಿ ನಕ್ಷತ್ರದ ಬೆಳಕಿನ ಫೋಟಾನ್‌ಗೆ ಡಿಕ್ಕಿಯಾದರೆ ಎರಡೂ ಹೋಗಿ ಎಲೆಕ್ಟ್ರಾನ್ ಪಾಸಿಟ್ರಾನ್ ಜೋಡಿ ಹುಟ್ಟುತ್ತದೆ. ಹಾಗಾಗಿ ದೂರದ ಬ್ಲೇಜಾರ್‌ನಲ್ಲಿ ಎಷ್ಟು ಗಾಮಾ ಕಳೆದುಹೋಗಿದೆ ಅಂತ ನೋಡಿದರೆ ದಾರಿಯಲ್ಲಿ ಎಷ್ಟು ನಕ್ಷತ್ರದ ಬೆಳಕು ಇದೆ ಅಂತ ಗೊತ್ತಾಗುತ್ತೆ. 2018ರಲ್ಲಿ ಫರ್ಮಿಯವರು 739 ಬ್ಲೇಜಾರ್ ಮತ್ತು ಒಂದು ಗಾಮಾ ಸ್ಫೋಟ ಇಟ್ಟುಕೊಂಡು ಲೆಕ್ಕ ಹಾಕಿದರು. ವಿಶ್ವದ ನಕ್ಷತ್ರಗಳು ಇಲ್ಲಿವರೆಗೆ ಹೊರಗೆ ಬಿಟ್ಟಿರುವ ಬೆಳಕಿನ ಕಣಗಳು ಎಷ್ಟು? 4ರ ಮುಂದೆ 84 ಸೊನ್ನೆ.

ಕಾಫಿತೋಟ

ಮೇಷ್ಟ್ರೇ, ಹುಡುಗರಿಗೆ ಒಂದು ಬ್ಲೇಜಾರನ್ನು ಕಣ್ಣಾರೆ ತೋರಿಸಬೇಕಾ? 3ಸಿ 273 ನೋಡಿ. ಎಂಟು ಇಂಚಿನ ದೂರದರ್ಶಕ ಸಾಕು. ಹೊಳಪು ಸುಮಾರು 13ನೇ ಮ್ಯಾಗ್ನಿಟ್ಯೂಡ್, ಅಂದರೆ ಬರಿಗಣ್ಣಿಗೆ ಕಾಣದಷ್ಟು ಮಂಕು. ಕನ್ಯಾ ರಾಶಿಯ ಈಟಾ ನಕ್ಷತ್ರದಿಂದ ಮೂರೂವರೆ ಡಿಗ್ರಿ ಈಶಾನ್ಯಕ್ಕೆ. ಏಪ್ರಿಲ್‌ನಲ್ಲಿ ಅಮಾವಾಸ್ಯೆಯ ಆಚೀಚೆ ರಾತ್ರಿ ಹತ್ತೂವರೆಗೆ ಮೇಲೆ ಬಂದಿರುತ್ತದೆ. ಬರೀ ಚುಕ್ಕಿ, ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಇಷ್ಟೇನಾ ಅಂತಾರೆ. ಸುಮಾರು 200 ಕೋಟಿ ವರ್ಷ ಹಿಂದೆ ಹೊರಟ ಬೆಳಕು.

ಹಾಸನದ ಮೇಷ್ಟ್ರು

ಹಾಸನದ ಬೀದಿದೀಪದಲ್ಲಿ ಆಗುತ್ತದೆಯೇ?

ಕಾಫಿತೋಟ

ಆಗಲ್ಲ. ಹುಡುಗರನ್ನು ಕರೆದುಕೊಂಡು ಇಲ್ಲಿಗೇ ಬನ್ನಿ, ಕಾಫಿ ಒಣಹಾಕುವ ಕಣದಲ್ಲಿ ದೂರದರ್ಶಕ ಹೂಡೋಣ. ಕಾಫಿ ನಮ್ಮ ಕಡೆಯಿಂದ. ಸುತ್ತಲಿನ ನಕ್ಷತ್ರಗಳ ನಕ್ಷೆ ಮಾತ್ರ ಪ್ರಿಂಟ್ ಹಾಕಿಸಿಕೊಂಡು ಬನ್ನಿ, ಇಲ್ಲಿ ಪ್ರಿಂಟರಿನ ಇಂಕು ಮುಗಿದಿದೆ.